ಕಾಗವಾಡ ದಾಟಿ ನಿಂತ ಕಾರು

ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂಬತ್ತರ ದಶಕದ ಕೊನೆಯ ಬೇಸಿಗೆ. ಹೆಂಡತಿಗೆ ಎರಡನೆಯ ಹೆರಿಗೆ, ಮಗು ಅಡ್ಡ ತಿರುಗಿದೆ, ಕೂಡಲೇ ಮಿರಜಿನ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದಳು ಸೂಲಗಿತ್ತಿ. ಹೆಂಡತಿಯನ್ನೂ ಅವ್ವನನ್ನೂ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ತಮ್ಮನನ್ನು ಪಕ್ಕಕ್ಕೆ ಹತ್ತಿಸಿಕೊಂಡು ಹೊರಟೆ. ಕಾಗವಾಡ ದಾಟುತ್ತಲೇ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಹಿಂದಿನ ದಿನ ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್ ಬದಲಿಸಿದ್ದವನು ತಮ್ಮ. ಕಿಡಿ ಹಾರುತ್ತಿಲ್ಲ, ಇವನೇ ಕೆಡಿಸಿದ್ದಾನೆ ಎಂದು ಬಾನೆಟ್ ತೆರೆಯುವ ಮೊದಲೇ ತೀರ್ಮಾನಿಸಿದೆ.

"ಬರೂದಿಲ್ಲಂದ್ರ ಯಾಕ ಕೈ ಹಾಕಿದಿ ಲೇ?" ಎಂದು ಕಪಾಳಕ್ಕೆ ಬಾರಿಸಿದೆ.

ಅವನು ಪ್ಲಗ್ಗಿನ ವೈರು ಕಿತ್ತು ಇಂಜಿನ್ನಿಗೆ ಹತ್ತಿರ ಹಿಡಿದು, ನನಗೆ ಚಾವಿ ತಿರುಗಿಸಲು ಹೇಳಿ ನೋಡಿದ. ಕಿಡಿ ಹಾರಿತು. "ಅಣ್ಣಾ, ಕರಂಟ್ ಚಲೋ ಬರಾಕತ್ತೈತಿ. ಪೆಟ್ರೋಲ್ ಬರವಲ್ದು. ಪಂಪ್ ಬಿಚ್ಚೂಣು."

ನಮ್ಮ ಮನೆಯಲ್ಲಿ ಕಿರಿಯರು ಹಿರಿಯರಿಗೆ ಎದುರಾಡುವಂತಿರಲಿಲ್ಲ. ಇಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಎತ್ತಿ ಬೆನ್ನಿಗೆ ಹೊಡೆದೆ, ಬಗ್ಗಿದವನ ಮುಖಕ್ಕೆ ಗುದ್ದಿದೆ. ತುಟಿ ಸೀಳಿ ರಕ್ತ ಸುರಿಯಿತು. ಅವನು ನನಗಿಂತ ಗಟ್ಟಿ ಆಳು, ಆದರೂ ಕೈ ಎತ್ತಲಿಲ್ಲ.

"ಅಂವ ಹೇಳೂದನ್ನರ ಕೇಳ್ರಿ! ನಾ ಇಲ್ಲೇ ಸಾಯ್ತೇನಿ!" ಎಂದು ಹೆಂಡತಿ ಒಳಗಿಂದ ಕಿರುಚಿದಳು.

ಆಗ ಅವನು ಪಂಪಿನ ಗಾಜಿನ ಬಟ್ಟಲು ಬಿಚ್ಚಿದ. ತಳದಲ್ಲಿ ಕರ್ರಗಿನ ಅಂಟು. ಬೆರಳಿಗೆ ಹಚ್ಚಿ ಮೂಸಿದ.

"ಕಾಕಂಬಿ," ಎಂದ.

ನಮ್ಮ ಕಬ್ಬಿನ ಸೀಮೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ, ದನಗಳ ಮೇವಿಗೆ ಬೆರೆಸುವ ಕಾಕಂಬಿಯ ಡಬ್ಬಿ ಇಲ್ಲದ ಮನೆಯಿಲ್ಲ. ಹೊರಡುವ ಗಡಿಬಿಡಿಯಲ್ಲಿ ಪಕ್ಕದ ಮನೆಯ ಪೆಟ್ರೋಲನ್ನು ಆ ಡಬ್ಬಿಯಲ್ಲೇ ತಂದು ಟ್ಯಾಂಕಿಗೆ ಸುರಿದವನು ನಾನು. ಒಳಗೆ ಇಣುಕಿಯೂ ನೋಡಿರಲಿಲ್ಲ.

ತಮ್ಮ ಅಂಗಿಯ ಚುಂಗಿನಿಂದ ಬಟ್ಟಲನ್ನೂ ಪೆಟ್ರೋಲ್ ಸೋಸುವ ಜಾಳಿಗೆಯನ್ನೂ ಒರೆಸಿ, ಟ್ಯಾಂಕಿನಿಂದ ಬರುವ ಪೈಪನ್ನು ಆ ಸೀಳಿದ ಬಾಯಿಗೇ ಇಟ್ಟು ಎಳೆದ. ಗಾಯಕ್ಕೆ ಪೆಟ್ರೋಲ್ ತಾಗಿ ನರಳಿದ. ರಕ್ತ, ಕಾಕಂಬಿ ಎರಡನ್ನೂ ಉಗುಳಿ ಮತ್ತೆ ಎಳೆದ. ಸ್ವಚ್ಛ ಪೆಟ್ರೋಲ್ ಬರುವವರೆಗೂ ಬಿಡಲಿಲ್ಲ. ಕಾರು ಹೊರಟಿತು. ನಾಚಿಕೆಯಿಂದ ಸತ್ತಂತಾಗಿ, ಅವನ ಮುಖ ನೋಡದೆಯೇ ಮಿರಜಿನವರೆಗೂ ಓಡಿಸಿದೆ.

ತಾಯಿ ಮಗು ಇಬ್ಬರೂ ಉಳಿದರು. ನರ್ಸ್ ಹೆಣ್ಣುಕೂಸನ್ನು ಬಾಗಿಲಲ್ಲಿದ್ದ ತಮ್ಮನ ಕೈಗೆ ಕೊಟ್ಟಳು. ಮಗಳನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದೆ. ಅವನು ಬೆಚ್ಚಿ, ಕೂಸನ್ನು ಎದೆಗವಚಿಕೊಂಡು, ಪೆಟ್ಟು ತನ್ನ ಬೆನ್ನಿಗೇ ಬೀಳಲೆಂದು ಗೋಡೆಯ ಕಡೆ ತಿರುಗಿ ನಿಂತ.