ಭಾವನ ಕತ್ತಿನ ಕುರು

ಔಷಧಿ ಅಂಗಡಿಯವನು ಹತ್ತು ಮಾತ್ರೆಯ ಪಟ್ಟಿ ಕೊಟ್ಟರೆ, ಕತ್ತರಿ ತೆಗೆಸಿ ಮೂರನ್ನೇ ಕೊಳ್ಳುವವನು ನಾನು. ಮೂರನೆಯದಕ್ಕೆ ನೋವು ಹೋದ ಮೇಲೆ ಉಳಿದ ಏಳು ಯಾರ ಉದ್ಧಾರಕ್ಕೆ? ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಮೊದಲು ಮೂಟೆ ಹೊತ್ತು, ಆಮೇಲೆ ಅದೇ ಮೂಟೆಗಳನ್ನು ಕೊಂಡು ಮಾರಿ ಮೇಲೆ ಬಂದವನಾದ್ದರಿಂದ ಇದನ್ನೂ ಜಾಣತನವೆಂದೇ ಬಹಳ ವರ್ಷ ನಂಬಿದ್ದೆ.

ವ್ಯಾಪಾರದಲ್ಲಿ ಜೊತೆಗಿದ್ದವನು ಅಕ್ಕನ ಗಂಡ, ನನ್ನ ಭಾವ. ಬೆಲೆ ಮಾತಾಡುವುದು ನಾನು, ಲಾರಿ ತುಂಬಿಸುವುದು ಅವನು. ಕೇರಳಕ್ಕೆ ಹೋಗುವ ಲಾರಿ ರಾತ್ರಿ ಬಂಡೀಪುರದ ಗೇಟು ಮುಚ್ಚುವುದರೊಳಗೆ ಕಾಡು ದಾಟಬೇಕು. ಹಾಗಾಗಿ ಮಧ್ಯಾಹ್ನದಿಂದ ಎಲ್ಲರಿಗೂ ಓಟವೇ. ಮೂಟೆ ಹೊರುವಾಗ ತಲೆಯಿಂದ ಬೆನ್ನಿಗೆ ಇಳಿಬಿಡುವ ಗೋಣಿಚೀಲದ ಕೊಪ್ಪೆಗಳು ನಮ್ಮಲ್ಲಿದ್ದದ್ದು ಮೂರೇ. ಒಬ್ಬ ಬೆವರು ಸುರಿಸಿ ತೆಗೆದದ್ದನ್ನು ಇನ್ನೊಬ್ಬ ಹಾಕಿಕೊಳ್ಳುತ್ತಿದ್ದ. ಅವನ್ನು ಒಗೆದದ್ದಂತೂ ನಾನು ಕಾಣೆ.

ಆ ಬೇಸಿಗೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕತ್ತಿನಲ್ಲಿ ಕುರು ಏಳತೊಡಗಿತು. ಉಷ್ಣ ಅಂದುಕೊಂಡೆವು. ನನಗೂ ಒಂದು ಎದ್ದು ಮಾತ್ರೆಗೆ ಇಳಿದಿತ್ತು. ಆ ಮಾತ್ರೆಯ ಹೆಸರು ಬಾಯಿಪಾಠವಾಗಿ, ಕೇಳಿದವರಿಗೆಲ್ಲ ಎರಡೆರಡು ಕೊಡಿಸುತ್ತಿದ್ದೆ. ಕೊನೆಗೆ ಭಾವನಿಗೂ ಎದ್ದಿತು.

“ಏನ್ ಬಾವ, ಪೋಲೀಸ್‌ನೋರಂಗೆ ಕತ್ತು ಸೆಟ್ಸ್ಕಂಡು ನಿಂತಿದ್ದೀಯೆ?”

“ನಿಮ್ಮಕ್ಕನ್ ಕಟ್ಕಂಡು ಇಷ್ಟ್ ವರ್ಸ ಕತ್ತು ಬಗ್ಸಿದ್ದು ಸಾಕು ಕಣ್ಲಾ,” ಅಂತ ನಕ್ಕ. ನಕ್ಕದ್ದಕ್ಕೇ ನೋವಾಗಿ ಹಲ್ಲು ಕಚ್ಚಿದ. “ಡಾಕ್ಟ್ರುತವ ಓಗ್ಬುಟ್ಟು ಬತ್ತೀನಿ.”

“ಅಯ್ಯೋ ಬುಡು. ಚೀಟಿ ಬರ್ಸಿ ಸಾಲಲ್ಲಿ ಕುಂತ್ಕಂಡ್ರೆ ಇವತ್ತಿನ ಲೋಡು ಯಾರ್ ತುಂಬ್ಸಾರು? ನನ್ ಮಾತ್ರೆನೇ ನುಂಗು.”

ಮೂರು ದಿನ ನುಂಗಿದ. ಊತ ಕೊಂಚ ಇಳಿಯಿತು. ಇನ್ನೂ ನುಂಗಲೇ ಎಂದು ಅವನೇ ಕೇಳಿದ.

“ನೋವಿಲ್ಲ ಅಂದ್ಮೇಲೆ ಯಾಕ್ ಬಾವ ಒಟ್ಟೆ ಕೆಡಿಸ್ಕತೀಯೆ? ನಿಲ್ಸು,” ಅಂದೆ.

ವಾರದೊಳಗೆ ಕುರು ಮತ್ತೆ ಎದ್ದಿತು. ಈ ಸಲ ಅಂಗೈಯಗಲ, ನಾಲ್ಕೈದು ಬಾಯಿ. ಮತ್ತೆ ಅದೇ ಮಾತ್ರೆ ಮೂರು ತಂದುಕೊಟ್ಟೆ. ಜಗ್ಗಲಿಲ್ಲ. ಅಕ್ಕ ಅರಿಶಿನ ಹಚ್ಚಿದಳು, ಈರುಳ್ಳಿ ಸುಟ್ಟು ಕಟ್ಟಿದಳು. ಅದರಲ್ಲೇ ಅವನು ಎರಡು ಲಾರಿ ತುಂಬಿಸಿದ. ಒಂದು ಬೆಳಿಗ್ಗೆ ಚಳಿಜ್ವರದಲ್ಲಿ ನಡುಗುತ್ತಾ ಏನೇನೋ ಬಡಬಡಿಸತೊಡಗಿದಾಗ ಕಾರಿನಲ್ಲಿ ಮಲಗಿಸಿಕೊಂಡು ಚಾಮರಾಜನಗರಕ್ಕೆ ಓಡಿದೆವು. ಹಿಂದಿನ ಸೀಟಿನಲ್ಲಿ ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಕುರು ಕೊಯ್ದು ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದೂ ಅವತ್ತೇ ಗೊತ್ತಾದದ್ದು. ಏನು ಕೊಟ್ಟಿರೆಂದು ಕೇಳಿದಾಗ, ಎಲ್ಲರಿಗೂ ಕೊಡಿಸುವ ಮಾತ್ರೆಯ ಹೆಸರು ಹೇಳಿದ್ದೆ. ಎರಡು ದಿನ ಕಳೆದು ವರದಿ ಬಂದಾಗ ಡಾಕ್ಟರಮ್ಮ ನನ್ನನ್ನು ಕರೆದರು.

“ಈ ಮಾತ್ರೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?”

“ಕೇಳ್ದೋರ್ಗೆಲ್ಲ ಕೊಡ್ಸಿದ್ದೀನಿ, ಮೇಡಂ.”

“ಇವರ ಕೀವಿನಲ್ಲಿರೋ ಕ್ರಿಮಿ ಈ ಮಾತ್ರೆಗೆ ಸಾಯೋದೇ ಇಲ್ಲ. ಕೇಳಿದೋರಿಗೆಲ್ಲ ಎರಡು ಕೊಟ್ಟು, ಅರ್ಧಕ್ಕೆ ನಿಲ್ಲಿಸಿ, ಊರೂರಲ್ಲೂ ನಾವೇ ಆ ಕ್ರಿಮೀನ ಮಾತ್ರೆ ತಡ್ಕೊಳ್ಳೋ ಹಾಗೆ ಪಳಗಿಸ್ತಾ ಇದ್ದೀವಿ. ಬೇರೆ ಔಷಧಿ ಹಾಕಿದ್ದೀವಿ. ಆದ್ರೆ ನಂಜು ರಕ್ತಕ್ಕೆ ಇಳಿದುಬಿಟ್ಟಿದೆ.”

“ಅದ್ಕಿಂತ ಮೇಲಿಂದು ಯಾವ್ದಾದ್ರೂ ಆಗ್ಲಿ, ಎಷ್ಟಾದ್ರೂ ಆಗ್ಲಿ ಹಾಕಿ ಮೇಡಂ.”

“ಹಾಕಿರೋದೇ ಅದು.”

ಎದುರಿನವರು ಹೇಳುವ ಬೆಲೆಗೆ ಮರುಮಾತಿಲ್ಲದೆ ಒಪ್ಪಲು ಹೊರಟದ್ದು ಜೀವಮಾನದಲ್ಲಿ ಅದೊಂದೇ ಸಲ. ಆದರೆ ಅವರು ಬೆಲೆಯನ್ನೇ ಹೇಳಲಿಲ್ಲ. ನಾಲ್ಕನೆಯ ದಿನ ಭಾವ ಹೋದ.

ಬುದ್ಧಿ ಹೇಳುವ ಚಟ ನನಗೆ ಈಗಲೂ ಬಿಟ್ಟಿಲ್ಲ, ಹೇಳಿಬಿಡುತ್ತೇನೆ. ಕುರು ದೊಡ್ಡದಾದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಕೊಯ್ಯಬೇಕಾದರೆ ಅವರೇ ಕೊಯ್ಯಲಿ. ಮಾತ್ರೆ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ನುಂಗಿ. ಒಬ್ಬರ ಬಟ್ಟೆ ಇನ್ನೊಬ್ಬರ ಮೈಗೆ ಬೇಡ. ಪಕ್ಕದ ಮನೆಯವನಿಗೆ ವಾಸಿಯಾದದ್ದು ನಿಮಗೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ, ಹೇಳುವವನು ನನ್ನಂಥವನೇ ಎಂದು ತಿಳಿಯಿರಿ.

ಸಾವಿನ ಮನೆಗೆ ಬಂದು ಹೋಗುವವರ ಮುಂದೆಲ್ಲ ಅಕ್ಕ ಒಂದೇ ಮಾತು ಹೇಳುತ್ತಿದ್ದಳು. “ನನ್ ತಮ್ಮ ಮೊದಲ್ನೇ ದಿನದಿಂದ್ಲೂ ಮಾತ್ರೆ ತಂದ್ಕೊಟ್ಟ ಕಣವ್ವ. ಏನ್ ಮಾಡುದ್ರೂ ಉಳಿನಿಲ್ಲ.” ಗೋಡೆಗೊರಗಿ ಕುಳಿತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಬಂದವರು ನನ್ನ ಬೆನ್ನು ಸವರಿ ಹೋಗುತ್ತಿದ್ದರು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅಡುಗೆಮನೆಯಲ್ಲಿ ಪಾತ್ರೆ ಬೋರಲು ಹಾಕುತ್ತಿದ್ದ ಅವಳ ಹಿಂದೆ ಹೋಗಿ ನಿಂತೆ.

“ಅಕ್ಕ, ಆಸ್ಪತ್ರೆಗೆ ಓಗ್ತೀನಿ ಅಂದ. ಬ್ಯಾಡ ಅಂದೋನು ನಾನು. ಮಾತ್ರೆ ನಿಲ್ಸು ಅಂದೋನೂ ನಾನೇ.”

ಅವಳು ತಿರುಗಲಿಲ್ಲ.

“ಗೊತ್ತು ಕಣಪ್ಪ. ನಿಮ್ ಬಾವ ಅವತ್ತೇ ನನ್ ತವ ಎಲ್ಲಾನೂ ಏಳಿದ್ರು,” ಅಂದಳು.

ಇನ್ನೊಂದು ಪಾತ್ರೆ ಎತ್ತಿಕೊಂಡಳು. ಬೈದಿದ್ದರೆ ನನಗೆ ಏನಾದರೂ ಮಾತು ಬರುತ್ತಿತ್ತು.