ಒಡಾರ್ಟೆ ಬಿಟ್ಟುಕೊಡದ ಲೈಸೆನ್ಸ್

ಟೆಶಿ ಊರಿನ ಸಮುದ್ರದಂಡೆಯ ರಸ್ತೆಯಲ್ಲಿ ನಾನು ಶವಪೆಟ್ಟಿಗೆ ಮಾಡುವ ಬಡಗಿ. ಮೀನುಗಾರ ಸತ್ತರೆ ಮೀನಿನ ಆಕಾರದ ಪೆಟ್ಟಿಗೆ, ಡ್ರೈವರ್ ಸತ್ತರೆ ಬಸ್ಸಿನದು. ನಲವತ್ತು ವರ್ಷ ಸತ್ತವರ ಜೊತೆ ಕಳೆದವನಿಗೆ ಹೆದರಿಕೆ ಇರಬಾರದು. ಆದರೂ ಒಮ್ಮೆ ಹೆದರಿದ್ದೇನೆ, ಅದೂ ಅಮೆರ್ಲಿಯ ದೆಸೆಯಿಂದ.

ಅಮೆರ್ಲಿ ಎದುರಂಗಡಿಯ ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿದವಳು. ಸತ್ತವರ ಫೋಟೋ ಹಾಕಿ ಕಂಪ್ಯೂಟರಿನಲ್ಲಿ ಸಾವಿನ ಪೋಸ್ಟರ್ ಮಾಡುವ ಒಡಾರ್ಟೆಯ ಬಳಿ ಹನ್ನೊಂದು ವರ್ಷ ಕೆಲಸ ಕಲಿತಳು. ಕಲಿಕೆ ಮುಗಿದಾಗ ಗುರುವಾದವನು ನೆಲಕ್ಕೆ ಜಿನ್ ಸುರಿದು, ಹೆಗಲಿಗೆ ಬಿಳಿ ಪೌಡರ್ ಹಚ್ಚಿ, ನಿನ್ನನ್ನು ಬಿಟ್ಟಿದ್ದೇನೆ ಎನ್ನಬೇಕು. ಆ ಪೌಡರ್ ಬೀಳದೆ ಸ್ವಂತ ಬೋರ್ಡು ಹಾಕಿದರೆ ನಮ್ಮಲ್ಲಿ ನರಪಿಳ್ಳೆಯೂ ಆ ಅಂಗಡಿ ಹತ್ತುವುದಿಲ್ಲ. ಒಡಾರ್ಟೆ ವರ್ಷ ವರ್ಷವೂ ಮುಂದಕ್ಕೆ ಹಾಕುತ್ತಿದ್ದ. ಅವಳಿಲ್ಲದೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ಕೆಟ್ಟವನಲ್ಲ, ಸ್ವಾರ್ಥಿ. ಹರೆಯದಲ್ಲಿ ದೋಣಿಯ ಹಗ್ಗಕ್ಕೆ ಸಿಕ್ಕಿ ಬಲಗೈಯ ಕಿರುಬೆರಳು ಹೋಗಿತ್ತು; ಉಳಿದ ಒಂಬತ್ತರಲ್ಲೇ ಟೈಪು ಮಾಡುತ್ತಿದ್ದ.

ಇಡೀ ಬೀದಿಯಲ್ಲಿ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನು ಕದಿಯದೆ ಕೊಂಡವನು ಅವನೊಬ್ಬನೇ. ಅದರ ಲೈಸೆನ್ಸ್ ನಂಬರಿನ ಚೀಟಿಯನ್ನು ಅಮೆರ್ಲಿಗೆ ಕೊಟ್ಟು, "ನಿನ್ನ ಬಿಟ್ಟ ದಿನ ಇದೂ ನಿಂದೇ. ನಿನ್ನ ಹೊಸ ಮಿಷನ್ನಿಗೆ ಹಾಕ್ಕೋ" ಎಂದಿದ್ದ. ಆ ದಿನ ಬರುವ ಮೊದಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ಅವನಿಗೆ ಕಂಪ್ಯೂಟರ್ ಆಕಾರದ ಪೆಟ್ಟಿಗೆ ಮಾಡಿದೆ. ಅವನ ಅಕ್ಕ, ಅವನ ಮಿಷನ್ನನ್ನೂ ಕಾಲ ಬಳಿ ಇಟ್ಟುಬಿಡಿ ಎಂದಳು. ಅದನ್ನಿಟ್ಟು ನಾನು ಮುಚ್ಚಳ ಎತ್ತಿಕೊಂಡಿದ್ದಾಗ, ನನ್ನನ್ನು ಅತಾ, ಅಂದರೆ ಅಪ್ಪಾ, ಎಂದೇ ಕರೆಯುವ ಅಮೆರ್ಲಿ ಓಡಿ ಬಂದಳು.

"ಸೋವಾ ಅತಾ, ಒಂದರ್ಧ ಗಂಟೆ ತಡೀರಿ. ಅದರಿಂದ ಲೈಸೆನ್ಸ್ ತೆಗೀಬೇಕು. ಒಂದು ಸಲಕ್ಕೆ ಒಂದೇ ಮಿಷನ್ನಲ್ಲಿ ಇರೋದು ಅದು. ಹಳೇದು ಬಿಟ್ರೇನೇ ಹೊಸದಕ್ಕೆ ಬರೋದು."

"ಸತ್ತೋನ ಕಾಲ ಹತ್ರ ಇಟ್ಟಿದ್ದಕ್ಕೆ ಕೈ ಹಾಕ್ತೀಯೇನೇ? ನಾಚಿಕೆ ಆಗಲ್ವಾ?" ಎಂದು ಗದರಿ ಮೊಳೆ ಹೊಡೆದೆ. ಆ ಮೊಳೆಗಳಿಗಾಗಿ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ನಲವತ್ತನೇ ದಿನದ ಕಾರ್ಯ ಮುಗಿದ ಮೇಲೆ ಅವಳು ಒಂದು ಕಂಪ್ಯೂಟರ್ ತಂದಳು. ಹಿರಿಯನೆಂದು ನನ್ನನ್ನೂ ಕರೆದು ಕೂರಿಸಿ, ಚೀಟಿ ನೋಡಿ ನಂಬರ್ ಒತ್ತಿದಳು. ಈ ಲೈಸೆನ್ಸ್ ಬೇರೊಂದು ಕಂಪ್ಯೂಟರಿನಲ್ಲಿದೆ ಎಂದು ಪರದೆ ಹೇಳಿತು.

"ಅದು ಮಣ್ಣಲ್ಲಿದೆ ಅಂತ ಇದಕ್ಕೆ ಯಾರಾದ್ರೂ ಹೇಳ್ರಪ್ಪ" ಎಂದು ನಕ್ಕೆ.

ಅವಳು ನಗಲಿಲ್ಲ. ಒಡಾರ್ಟೆಯ ಲೈಸೆನ್ಸ್ ಖಾತೆಯನ್ನು ಪರದೆಯ ಮೇಲೆ ತೆರೆದಳು. ಅಲ್ಲಿ ಅವನ ಮಿಷನ್ನಿನ ಹೆಸರಿತ್ತು. ಅದರ ಕೆಳಗೆ, ಕೊನೆಯ ಬಳಕೆ: ಇಂದು, ಮಧ್ಯಾಹ್ನ ಹನ್ನೆರಡೂವರೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಮೂವತ್ತೈದು.

ಲೈಸೆನ್ಸ್ ಮಾರಿದ ಕಂಪನಿಗೆ ಫೋನ್ ಮಾಡಿದಳು. ಹಳೆಯ ಕಂಪ್ಯೂಟರನ್ನು ಈಗ ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಹೆಣ್ಣುದನಿಯೊಂದು ಕೇಳಿತು.

"ಇಲ್ಲ ಅನ್ನು" ಎಂದು ಪಿಸುಗುಟ್ಟಿದೆ.

"ಹೆಂಗನ್ಲಿ ಅತಾ? ನೀವೂ ನೋಡಿದ್ರಲ್ಲ." ಫೋನ್ ಇಟ್ಟು ಅತ್ತಳು. "ಅವರಿನ್ನೂ ನನ್ನ ಬಿಟ್ಟಿಲ್ಲ. ಸಾಯೋವರೆಗೂ ನಾನು ಅವರ ಆಳೇ."

ಮರುದಿನ ಬೆಳಗ್ಗೆಯೇ ಸಮಾಧಿಗೆ ಹೋದೆವು. ನಾನು ಜಿನ್ ಬಾಟಲಿ ತಂದಿದ್ದೆ.

"ಪೌಡರ್ ಎಲ್ಲೇ?"

"ಮರ್ತೇಬಿಟ್ಟೆ, ಅತಾ."

"ತಲೆ ಕತ್ತಿನ ಮೇಲೆ ಇದ್ಯಾ, ಅದನ್ನೂ ಮನೇಲೇ ಬಿಟ್ಟು ಬಂದ್ಯಾ?" ಎಂದು ಬೈದು, ಇದ್ದುದರಲ್ಲೇ ಶುರು ಮಾಡಿದೆ. ಜಿನ್ ಸುರಿದು ಹೇಳಿದೆ: "ಒಡಾರ್ಟೆ, ಸಾಕೋ ಮಾರಾಯ. ಹನ್ನೊಂದು ವರ್ಷ ದುಡಿದಿದ್ದಾಳೆ. ಬಿಟ್ಟುಬಿಡು."

ಆಗ ಒಂದು ಸದ್ದು ನಿಂತಿತು. ಕಂಪ್ಯೂಟರಿನೊಳಗಿನ ಫ್ಯಾನ್ ಸದ್ದು. ಬಂದಾಗಿನಿಂದ ಅದು ಕಾಲ ಕೆಳಗೆ ಗುಂಯ್‌ಗುಡುತ್ತಿತ್ತು ಎಂಬುದು ನಿಂತ ಮೇಲೆ ತಿಳಿಯಿತು. ಇಬ್ಬರೂ ಬಿರಬಿರನೆ ಹೊರಟೆವು.

ಅಂಗಡಿಗೆ ಬಂದವಳೇ ನಂಬರ್ ಒತ್ತಿದಳು. ಒಂದೇ ಸಲಕ್ಕೆ ಒಪ್ಪಿಕೊಂಡಿತು. ಖಾತೆಯಲ್ಲಿ ಹಳೆಯ ಮಿಷನ್ನಿನ ಹೆಸರೇ ಇರಲಿಲ್ಲ. ಅವಳು ಖುಷಿಯಿಂದ ಎದ್ದು, ಕಿಟಕಿ ತೆರೆಯಲು ಆ ಕಡೆ ತಿರುಗಿದಳು.

ಅವಳ ಕಪ್ಪು ಅಂಗಿಯ ಹೆಗಲ ಹಿಂಬದಿಯಲ್ಲಿ ಬಿಳಿ ಪೌಡರ್ ಇತ್ತು, ಬಲಗೈ ಅಂಗೈ ಒತ್ತಿದ ಗುರುತು. ನನ್ನ ಕೈ ನೋಡಿಕೊಂಡೆ. ಅದಕ್ಕೆ ಐದೂ ಬೆರಳಿದ್ದವು, ಪೌಡರ್ ಇರಲಿಲ್ಲ. ಒಂದು ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ.

"ಏನು, ಅತಾ?"

"ಪೌಡರ್ ಕಣೇ. ಯಾರದೋ ಕೈ."

ಅವಳು ಅಲುಗಾಡದೆ ನಿಂತಳು. "ಎಷ್ಟು ಬೆರಳಿವೆ?"

"ನಾಲ್ಕು."

ಅವಳು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಳು.

"ಒರೆಸ್ಬೇಡಿ. ಹಿಂಗೇ ಬೀದೀಲಿ ಒಂದು ಸುತ್ತು ಹೋಗಿ ಬರ್ತೀನಿ. ಎಲ್ಲರೂ ನೋಡ್ಲಿ."