ಪಟ್ಟಿಯಲ್ಲಿಲ್ಲದ ಮೇಷ್ಟ್ರು

ಹೋದ ತಿಂಗಳು ಹಾಸನದ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹುಡುಗಿಯೊಬ್ಬಳ ಕೈತಪ್ಪಿ ಸ್ಪಿರಿಟ್ ಬಾಟಲಿ ಮೇಜಿನ ಮೇಲೆ ಉರುಳಿತು. ಒರೆಸಿ ಕಿಟಕಿ ತೆರೆದರೂ ವಾಸನೆ ಹೋಗಲಿಲ್ಲ. ಮುಂದಿನ ಪೀರಿಯಡ್ಡಿನಲ್ಲಿ ನಾನು ನಿಂತಲ್ಲಿ ನಿಲ್ಲಲಾಗದೆ ಸುಮ್ಮನೆ ಓಡಾಡಿದೆ. ಅರಕಲಗೂಡಿನಿಂದಾಚೆ, ರುದ್ರಪಟ್ಟಣದ ದಾರಿಯಲ್ಲಿದ್ದ ಹಳ್ಳಿ ಹೈಸ್ಕೂಲು, ಇಂಕಿನ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಮಾಡಿದ ಸ್ಪಿರಿಟ್ ದೀಪ, ಅದರ ಮುಂದೆ ಬಗ್ಗಿ ನಿಂತಿದ್ದ ಮೇಷ್ಟ್ರು…

ನಾನು ಹೊಳೆನರಸೀಪುರದವಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಒಂದು ಟ್ರಸ್ಟಿನ ವಿದ್ಯಾರ್ಥಿವೇತನ ಸಿಕ್ಕಿತು. ಬಿ.ಇಡಿ. ಓದಿಸುವುದು ಅವರು, ಓದು ಮುಗಿದ ಮೇಲೆ ವಿಜ್ಞಾನ ಶಿಕ್ಷಕರೇ ಇಲ್ಲದ ಶಾಲೆಯೊಂದರಲ್ಲಿ ನಾಲ್ಕು ವರ್ಷ ಪಾಠ ಮಾಡುವುದು ನಾವು. ಸಂಬಳವೂ ಟ್ರಸ್ಟಿನದೇ. ಅಂಥ ಶಾಲೆಗಳ ಪಟ್ಟಿಯಿಂದ ನನ್ನ ಪಾಲಿಗೆ ಆ ಹೈಸ್ಕೂಲು ಬಂತು.

ಹೋಗಿ ನೋಡಿದರೆ ಅಲ್ಲಿ ವಿಜ್ಞಾನಕ್ಕೆ ಮೇಷ್ಟ್ರಿದ್ದರು. ಹನ್ನೆರಡು ವರ್ಷದಿಂದ ಇದ್ದರು. ಬಿ.ಎಸ್ಸಿ. ಆಗಿತ್ತು, ಬಿ.ಇಡಿ. ಆಗಿರಲಿಲ್ಲ. ಪಟ್ಟಿ ಮಾಡಿದವರು ತರಬೇತಿ ಇಲ್ಲದವರನ್ನು ಶಿಕ್ಷಕರೆಂದೇ ಪರಿಗಣಿಸಿರಲಿಲ್ಲ.

ಹೆಡ್ಮಾಸ್ಟರು ನನ್ನನ್ನು ಎಂಟನೇ ತರಗತಿಯ ಬಾಗಿಲಿಗೆ ಕರೆದೊಯ್ದು, "ಮೇಡಂ ಬಂದವ್ರೆ ಮೇಷ್ಟ್ರೇ, ಇನ್ನು ನೀವು…" ಎಂದು ಮಾತು ನಿಲ್ಲಿಸಿದರು. ಮೇಷ್ಟ್ರು ದೀಪ ಆರಿಸಿ ನನ್ನತ್ತ ತಿರುಗಿದರು.

"ಒಂದ್ ವಾರ ಇರ್ಲಾ ಮೇಡಂ? ಪಾಠ ಅರ್ಧಕ್ಕೆ ನಿಂತೈತೆ."

"ನಾನೇ ಮುಗಿಸ್ತೀನಿ ಸರ್," ಅಂದೆ. ಅವರು ಕಣ್ಣೆದುರಿಗಿದ್ದರೆ ಆ ಜಾಗ ನನ್ನದು ಅನ್ನಿಸುವುದಿಲ್ಲ ಎಂಬ ಭಯ ನನಗೆ. ಅವರು ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡು ಸೈಕಲ್ ಹತ್ತಿ ಹೋದರು.

ಮೂರೇ ವಾರದಲ್ಲಿ ಸೋತೆ. ತರಬೇತಿಯಲ್ಲಿ ಕಲಿತಿದ್ದ ಚಾರ್ಟು, ಪಾಠಯೋಜನೆ ಎಲ್ಲವೂ ಇದ್ದವು. ನಾನು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳುತ್ತಿದ್ದರು, ಅಷ್ಟೇ. ಒಬ್ಬರೂ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಕೊನೆಗೊಂದು ದಿನ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಹಳೇ ಮೇಷ್ಟ್ರು ಯಾವಾಗ ಬತ್ತಾರೆ ಮಿಸ್?"

ಆ ಸಂಜೆಯೇ ಅವರ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಅವರ ಹೆಂಡತಿ ಕಾಫಿ ತಂದಿಟ್ಟರು. ನನ್ನ ಕಷ್ಟವನ್ನೆಲ್ಲ ಕೇಳಿ ಮೇಷ್ಟ್ರು ಅಂದರು: "ಪುಸ್ತಕ ಆಮೇಲೆ ತೆಗ್ಸಿ ಮೇಡಂ. ಮೊದ್ಲು ಏನಾದ್ರೂ ಹೊತ್ತಿಸಿ, ಕಾಯ್ಸಿ. ಮಕ್ಳು ತಾವಾಗೇ ಬಾಯ್ ಬಿಡ್ತಾರೆ. ಶನಿವಾರ ಸ್ಕೂಲ್ ಬಿಟ್ಮೇಲೆ ಬತ್ತೀನಿ, ತೋರಿಸ್ತೀನಿ."

ಬಂದರು. ಆಮೇಲೆ ಪ್ರತಿ ಶನಿವಾರ ಬಂದರು. ದಾಸವಾಳದ ಹೂವಿನ ರಸಕ್ಕೆ ನಿಂಬೆಹಣ್ಣು ಹಿಂಡಿದರೆ ಬಣ್ಣ ಏನಾಗುತ್ತದೆ, ಸುಣ್ಣದ ತಿಳಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷೆಗೆ ಬರೆದಿದ್ದ ನಾನು ಕಣ್ಣಾರೆ ಕಂಡದ್ದು ಅವರ ಜೊತೆಗೆ. ಸೋಮವಾರ ಅದನ್ನೇ ತರಗತಿಯಲ್ಲಿ ಮಾಡುತ್ತಿದ್ದೆ. ಮಕ್ಕಳು ಬೆಂಚು ಬಿಟ್ಟು ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು.

ಮರುವರ್ಷ ಅದೇ ವಿದ್ಯಾರ್ಥಿವೇತನದ ಅರ್ಜಿ ತಂದು ಅವರ ಕೈಗಿಟ್ಟೆ. ವಯಸ್ಸಿನ ಮಿತಿ ಅವರು ದಾಟಿದ್ದರು. ವಿಶೇಷ ಪ್ರಕರಣ ಅಂತ ಕೇಳಬಹುದು ಎಂದು ಆಸೆ ಹುಟ್ಟಿಸಿದವಳೂ ನಾನೇ. ಆ ಶಾಲೆಯ ಹನ್ನೆರಡು ವರ್ಷದ ಪಾಠವನ್ನೂ ಸೇರಿಸಿ ದುಂಡಗಿನ ಅಕ್ಷರದಲ್ಲಿ ತುಂಬಿ ಕೊಟ್ಟರು. "ನೀವೇ ಕೈಯಾರೆ ಕೊಟ್ಟು ಒಂದ್ ಮಾತ್ ಹೇಳಿ ಮೇಡಂ," ಅಂದರು.

ಹಾಸನದಲ್ಲಿ ಟ್ರಸ್ಟಿನ ಸಭೆ. ಕಡತ ತಿರುವುತ್ತಿದ್ದ ಮಹಿಳಾ ಅಧಿಕಾರಿ ತಲೆ ಎತ್ತದೆ ಕೇಳಿದರು: "ನೀವು ಹೋಗೋ ಮುಂಚೆ ಆ ಶಾಲೇಲಿ ವಿಜ್ಞಾನಕ್ಕೆ ಯಾರೂ ಇರಲಿಲ್ಲ, ಅಲ್ವಾ?"

ಇದ್ದರು ಎಂದರೆ, ತರಬೇತಿ ಇಲ್ಲದವರೇ ಆದರೂ, ಶಾಲೆ ಪಟ್ಟಿಯಿಂದ ಬಿದ್ದುಹೋಗಬಹುದು. ನನ್ನನ್ನು ಎಲ್ಲಿಗೆ ಎತ್ತಿಹಾಕುತ್ತಾರೋ. "ಇರಲಿಲ್ಲ ಮೇಡಂ," ಅಂದೆ. ಅಷ್ಟು ಹೇಳಿದ ಬಾಯಿಂದ ಆ ಅರ್ಜಿಯ ವಿಷಯ ಹೇಗೆ ಎತ್ತಲಿ? ಅದು ಬ್ಯಾಗಿನಲ್ಲೇ ವಾಪಸು ಬಂತು.

"ವಯಸ್ಸಾಯ್ತಂತೆ ಸರ್, ಆಗಲ್ಲಂತೆ," ಎಂದು ಅವರಿಗೂ ಸುಳ್ಳು ಹೇಳಿದೆ.

"ಕೇಳಿದ್ರಲ್ಲ, ಬಿಡಿ," ಅಂದರು. ಮುಂದಿನ ಶನಿವಾರ ಅವರು ಬರಲಾರರು ಎಂದುಕೊಂಡಿದ್ದೆ. ಬಂದರು. ಇನ್ನೂ ಎರಡು ವರ್ಷ ಬಂದರು. ಆಮೇಲೆ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯೊಂದರಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೊರಟುಹೋದರು. ನನ್ನ ನಾಲ್ಕು ವರ್ಷ ಮುಗಿಯಿತು, ನಾನು ಹಾಸನಕ್ಕೆ ಬಂದೆ. ಅವರ ನಂಬರ್ ಫೋನಿನಲ್ಲೇ ಇತ್ತು. ಎಷ್ಟೋ ಸಲ ತೆಗೆದು ನೋಡಿ ಇಟ್ಟುಬಿಡುತ್ತಿದ್ದೆ…

ಸ್ಪಿರಿಟ್ ಚೆಲ್ಲಿದ ಆ ವಾರ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದೇ ಆಯಿತು. ಭಾನುವಾರ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಮಂಡಿಗೆ ರಜೆಯಿತ್ತು, ಕಾವಲಿಗಿದ್ದ ಹೊಸ ಹುಡುಗ ಮನೆಯ ದಾರಿಯಷ್ಟೇ ತೋರಿಸಿದ. ಬಾಗಿಲು ತೆಗೆದ ಅವರ ಹೆಂಡತಿ ನನ್ನನ್ನು ಗುರುತು ಹಿಡಿದರು.

"ಹೋದ ಕಾರ್ತೀಕದಲ್ಲೇ ಓಗ್ಬುಟ್ರು ಕಣಮ್ಮ. ಎದೆನೋವು ಅಂದ್ರು, ಆಸ್ಪತ್ರೆ ಮುಟ್ಟಲಿಲ್ಲ."

ಕೂತಲ್ಲೇ ಅರ್ಜಿಯ ವಿಷಯವನ್ನೆಲ್ಲ ಹೇಳಿಬಿಟ್ಟೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಅವ್ರಿಗೆ ಗೊತ್ತಿತ್ತು. ಆಗಲ್ಲ ಅನ್ನೋಕಾದ್ರೂ ಒಂದ್ ಕಾಗ್ದ ಬರ್ಬೇಕು, ಬರ್ಲಿಲ್ಲ ಅಂದ್ರೆ ಆಯಮ್ಮ ಕೊಟ್ಟೇ ಇಲ್ಲ, ಅಂದ್ರು. ಅಂಗಾದ್ರೆ ಇನ್ಯಾಕೆ ಶನಿವಾರ ಸ್ಕೂಲಿಗೆ ಓಗ್ತೀರಿ ಅಂತ ನಾನು ಜಗಳ ಆಡ್ದೆ."

"ಏನಂದ್ರು?"

"'ನಾನು ಕಲಿಸ್ತಿರೋದು ಆಯಮ್ಮಂಗಲ್ಲ ಕಣೆ, ಮಕ್ಳಿಗೆ' ಅಂದ್ರು."

ಅಂದಿನಿಂದ ಆ ಮಾತನ್ನು ಹಿಂದೆ ಮುಂದೆ ಮಾಡಿ ನೋಡುತ್ತಿದ್ದೇನೆ. ಕ್ಷಮಿಸಿದ್ದರು ಎಂದು ಸಮಾಧಾನಪಡೋಣವೆಂದರೆ ಅದರಲ್ಲಿ ಕ್ಷಮೆ ಕಾಣುವುದಿಲ್ಲ. ಬೈದರು ಎಂದುಕೊಳ್ಳೋಣವೆಂದರೆ ಸಿಟ್ಟೂ ಇಲ್ಲ. ಅವರನ್ನೇ ಕೇಳೋಣವೆಂದರೆ ಅವರಿಲ್ಲ.